ಕಾಸಿಗೆ ತಕ್ಕ ಕಜ್ಜಾಯವಲ್ಲ

2010ರ ಜನವರಿಯಲ್ಲಿ ಅಮೆರಿಕದ 'ಆಡಿಯೋಹಾಲಿಕ್ಸ್' ಪತ್ರಿಕೆಯವರು ಲೆಕ್ಸಿಕನ್ ಕಂಪನಿಯ ಬಿಡಿ-30 ಎಂಬ ಬ್ಲೂ-ರೇ ಪ್ಲೇಯರಿನ ಸ್ಕ್ರೂ ಬಿಚ್ಚಿದರು. ಅದರ ಬೆಲೆ 3,500 ಡಾಲರ್. ಗಟ್ಟಿ ಕವಚ, ಮೇಲೆ ದೊಡ್ಡ ಹೆಸರು, ಜೊತೆಗೆ ಟಿಎಚ್‌ಎಕ್ಸ್ ಎಂಬ ಗುಣಮಟ್ಟದ ಪ್ರಮಾಣಪತ್ರ. ಮುಚ್ಚಳ ತೆಗೆದು ನೋಡಿದರೆ ಒಳಗೆ ಇನ್ನೊಂದು ಪ್ಲೇಯರ್ ಕೂತಿತ್ತು! ಒಪ್ಪೋ ಕಂಪನಿಯ ಬಿಡಿಪಿ-83, ಅಂಗಡಿಯಲ್ಲಿ 499 ಡಾಲರಿಗೆ ಸಿಗುತ್ತಿದ್ದಂಥದ್ದು. ಸರ್ಕ್ಯೂಟ್ ಬೋರ್ಡನ್ನು ಮಾತ್ರ ತಂದುಕೊಂಡಿದ್ದರೆ ಅದು ಈ ವ್ಯಾಪಾರದಲ್ಲಿ ಮಾಮೂಲು ಎನ್ನಬಹುದಿತ್ತು. ಇಲ್ಲಿ ಒಪ್ಪೋದ ತಗಡಿನ ಚಾಸಿಯನ್ನೂ ಇಡಿಯಾಗಿ ಎತ್ತಿ ಲೆಕ್ಸಿಕನ್ ಕವಚದೊಳಗೆ ಕೂರಿಸಿದ್ದರು. ಅಳತೆ ಮಾಡಿದಾಗ ಎರಡರ ಸದ್ದಿನಲ್ಲೂ ಚಿತ್ರದಲ್ಲೂ ಬೆಲೆಗೆ ತಕ್ಕ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಬಿಲ್ಲಿನಲ್ಲಿ: ಏಳು ಪಟ್ಟು.

ಯಾವುದೋ ಒಂದು ಕಂಪನಿಯ ಕೈಚಳಕ ಎಂದು ಇದನ್ನು ಪಕ್ಕಕ್ಕಿಡಬಹುದು. ಆದರೆ ಈ ಪ್ರಸಂಗ ಒಂದು ದೊಡ್ಡ ನಂಬಿಕೆಯ ಬುಡವನ್ನೇ ಅಲುಗಿಸುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತನ್ನು ಹೋಮ್ ಆಡಿಯೋ ಲೋಕದಲ್ಲಿ ವೇದವಾಕ್ಯದಂತೆ ಒಪ್ಪಿಕೊಂಡವರಿದ್ದಾರೆ. ಐವತ್ತು ಸಾವಿರದ ಸೆಟ್ಟು ಒಂದು ಮಟ್ಟ, ಐದು ಲಕ್ಷದ್ದು ಅದರ ಮೇಲಿನ ಮಟ್ಟ, ಐವತ್ತು ಲಕ್ಷದ್ದು ಸಾಕ್ಷಾತ್ ಕಛೇರಿಯೇ ಎಂಬುದು ಅವರ ಲೆಕ್ಕ. ವ್ಯತ್ಯಾಸ ಕೇಳಿಸುತ್ತಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ 'ಕಿವಿ ಇನ್ನೂ ಪಳಗಿಲ್ಲ' ಎಂಬ ಉತ್ತರ ಸಿದ್ಧ. ಮನೆಗೆ ತಂದ ಮೇಲೂ ಕೇಳಿಸದಿದ್ದರೆ 'ಬರ್ನ್-ಇನ್ ಆಗಬೇಕು ಸಾರ್, ಇನ್ನೂರು ಗಂಟೆ ಓಡಿಸಿ' ಎಂಬ ಸಮಾಧಾನ. ಅಷ್ಟು ಓಡಿಸುವ ಹೊತ್ತಿಗೆ ಸ್ಪೀಕರು ಪಳಗಿತೋ ಇಲ್ಲವೋ, ಮಾಲೀಕರಂತೂ ಪಳಗಿರುತ್ತಾರೆ.

ಈ ನಂಬಿಕೆ ಹುಟ್ಟುವ ಜಾಗ ಡೆಮೊ ಕೋಣೆ. ಬೆಂಗಳೂರಾಗಲಿ, ಮುಂಬೈಯಾಗಲಿ, ಸಿಂಗಪುರವಾಗಲಿ, ಅಲ್ಲಿಯ ವಿಧಿವಿಧಾನ ಒಂದೇ. ಎಸಿ ತಣ್ಣಗೆ ಓಡುತ್ತಿರುತ್ತದೆ, ಗೋಡೆಗೆ ಮೆತ್ತೆಯ ಪ್ಯಾನಲ್ ಹೊಡೆದಿರುತ್ತದೆ, ನಡುವೆ ಒಂದೇ ಒಂದು ಸೋಫಾ, ಅದೂ ಸರಿಯಾದ ಜಾಗದಲ್ಲಿ. ಲೈಟು ಮಂದವಾಗುತ್ತದೆ. ಆಮೇಲೆ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ', 1994ರ ಲೈವ್ ಆಲ್ಬಮ್ಮಿನದು. ಆ ಹಾಡಿನ ಶುರುವಿನಲ್ಲಿ ಬರುವ ದಪ್ಪ ಡ್ರಮ್ಮಿನ ಗುಮ್ಮಿಗೆ ಎಂಥ ಸ್ಪೀಕರಾದರೂ ಎದೆ ತಟ್ಟುತ್ತದೆ. ಮೊದಲು ಸೋವಿ ಜೋಡಿ, ನಂತರ ತುಟ್ಟಿ ಜೋಡಿ, ಕೊನೆಗೆ ಹೆಸರು ಹೇಳುವಾಗಲೇ ಅಂಗಡಿಯವರ ದನಿ ಇಳಿಯುವಂಥ ಜೋಡಿ. ಪ್ರತಿ ಸಲವೂ ಬೆಲೆ ಮೊದಲು ಕಿವಿಗೆ ಬೀಳುತ್ತದೆ, ಹಾಡು ಆಮೇಲೆ. ಮೂರಕ್ಕೂ ವಾಲ್ಯೂಮ್ ಒಂದೇ ಮಟ್ಟದಲ್ಲಿದೆಯೇ ಎಂದು ಮೀಟರ್ ಹಿಡಿದು ನೋಡುವವರು ಯಾರೂ ಇರುವುದಿಲ್ಲ. ಒಂದು ಡೆಸಿಬೆಲ್‌ಗಿಂತ ಕಡಿಮೆ ಹೆಚ್ಚಳವನ್ನು ಮನುಷ್ಯನ ಕಿವಿ 'ಜೋರಾಗಿದೆ' ಎಂದು ಗುರುತಿಸುವುದಿಲ್ಲ, 'ಚೆನ್ನಾಗಿದೆ' ಎಂದು ಗುರುತಿಸುತ್ತದೆ. ನಾಬ್ ಕೂದಲೆಳೆಯಷ್ಟು ತಿರುಗಿದರೆ ಸಾಕು, ಮಾರಾಟ ಮುಗಿದಂತೆಯೇ.

ಕಿವಿ ಎಷ್ಟು ಸುಲಭವಾಗಿ ಮಾತಿಗೆ ಬೀಳುತ್ತದೆ ಎಂಬುದಕ್ಕೆ ನೂರು ವರ್ಷದ ಹಿಂದಿನ ಸಾಕ್ಷಿಯಿದೆ. 1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರಿನಲ್ಲಿ 'ಟೋನ್ ಟೆಸ್ಟ್' ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫ್. ದೀಪ ಆರಿಸಿ, ಹಾಡುತ್ತಿರುವುದು ಮನುಷ್ಯರೋ ಯಂತ್ರವೋ ಹೇಳಿ ಎನ್ನುತ್ತಿದ್ದರು. ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲೂ ಆನಾ ಕೇಸ್ ಎಂಬ ಗಾಯಕಿಯೊಂದಿಗೆ ಇದು ನಡೆಯಿತು. ಸಭೆ ಬೆರಗಾಯಿತು, ಪತ್ರಿಕೆಗಳು ಹೊಗಳಿದವು. ಕರೆಂಟೇ ಇಲ್ಲದೆ ಕೊಂಬಿನ ಮುಂದೆ ಹಾಡಿಸಿ ಮಾಡಿದ ರೆಕಾರ್ಡ್ ಅದು. ಇಂದು ಯಾರಾದರೂ ಕೇಳಿದರೆ ಬಾವಿಯೊಳಗಿಂದ ಬಂದಂತಿರುತ್ತದೆ. ಯಂತ್ರದ ದನಿಗೆ ಹೊಂದುವಂತೆ ತನ್ನ ದನಿಯನ್ನೇ ತಗ್ಗಿಸಿ ಹಾಡುತ್ತಿದ್ದೆನೆಂದು ಆಕೆ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡರು.

ಹಾಗಾದರೆ ನಿಜ ತಿಳಿಯುವುದು ಹೇಗೆ? ದಾರಿ ಹಳೆಯದು, ಸರಳವಾದದ್ದು. ಪರದೆ ಎಳೆಯಿರಿ, ವಾಲ್ಯೂಮ್ ಸಮ ಮಾಡಿ, ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೂ ಸ್ವಿಚ್ ಒತ್ತುವವರಿಗೂ ತಿಳಿಯದಂತೆ ಇಟ್ಟು, ಉತ್ತರ ಬರೆದುಕೊಳ್ಳಿ. ಔಷಧ ಪರೀಕ್ಷಿಸುವುದೂ ಹೀಗೆಯೇ. ಆಡಿಯೋದಲ್ಲಿ ಈ ಪರೀಕ್ಷೆಯನ್ನು ಬಹಳ ಸಲ ಮಾಡಿದ್ದಾರೆ. ದುಬಾರಿ ಪೆಟ್ಟಿಗೆಗಳ ಪಾಲಿಗೆ ಅದರ ಫಲಿತಾಂಶ ಮುಖ ಮುಚ್ಚಿಕೊಳ್ಳುವಂತಿದೆ.

ಆಂಪ್ಲಿಫೈಯರನ್ನೇ ತೆಗೆದುಕೊಳ್ಳೋಣ. 1987ರ ಜನವರಿ ಸಂಚಿಕೆಗಾಗಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಆರು ಆಂಪ್‌ಗಳನ್ನು ಸಾಲಾಗಿ ಇಟ್ಟಿತು. ಒಂದು ತುದಿಯಲ್ಲಿ ಸುಮಾರು 220 ಡಾಲರಿನ ಪಯೋನಿಯರ್ ರಿಸೀವರ್, ಇನ್ನೊಂದು ತುದಿಯಲ್ಲಿ 12,000 ಡಾಲರಿನ ಫಟರ್ಮನ್ ವಾಲ್ವ್ ಆಂಪ್ ಜೋಡಿ. ಮಾರ್ಕ್ ಲೆವಿನ್ಸನ್ ಎಂಬ ದುಬಾರಿ ಹೆಸರಿನ ಆಂಪ್ ಕೂಡ ಸಾಲಿನಲ್ಲಿತ್ತು. ಕೇಳಲು ಕೂತವರು ಇಪ್ಪತ್ತೈದು ಮಂದಿ. ಅವರಲ್ಲಿ ಆಂಪ್‌ಗೊಂದು ಸದ್ದಿದೆ ಎಂದು ಆಣೆ ಮಾಡುವವರೂ ಇದ್ದರು, ಇಲ್ಲವೆನ್ನುವವರೂ ಇದ್ದರು. ಉತ್ತರಗಳನ್ನು ಕೂಡಿಸಿ ನೋಡಿದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಸರಿಯಾಗಿರಲಿಲ್ಲ. ನಂಬುವವರ ಅಂಕವೂ ಅಷ್ಟೇ, ನಂಬದವರದೂ ಅಷ್ಟೇ.

ಇದಕ್ಕೂ ಎರಡು ವರ್ಷ ಮೊದಲು ಬಾಬ್ ಕಾರ್ವರ್ ಎಂಬ ಎಂಜಿನಿಯರ್ 'ಸ್ಟೀರಿಯೋಫೈಲ್' ಪತ್ರಿಕೆಗೆ ಸವಾಲು ಹಾಕಿದ್ದರು. ನಿಮಗೆ ಇಷ್ಟವಾದ, ಎಷ್ಟೇ ಬೆಲೆಯ ಆಂಪ್ ಕೊಡಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ಅದರಂತೆಯೇ ನುಡಿಸಿ ತೋರಿಸುತ್ತೇನೆ ಎಂದು. ಸ್ಟೀರಿಯೋಫೈಲ್ ಎಂದರೆ ದುಬಾರಿ ಆಡಿಯೋದ ಪಾಲಿಗೆ ಪಂಚಾಂಗವಿದ್ದಂತೆ. ಅವರು ಒಂದು ಭಾರೀ ವಾಲ್ವ್ ಆಂಪನ್ನು ಆರಿಸಿಕೊಟ್ಟರು. ಕಾರ್ವರ್ ನ್ಯೂ ಮೆಕ್ಸಿಕೋದ ಹೋಟೆಲ್ ಕೋಣೆಯಲ್ಲಿ ಕೂತು, ಎರಡು ಆಂಪ್‌ಗಳ ಔಟ್‌ಪುಟ್ಟನ್ನು ಒಂದರಿಂದೊಂದು ಕಳೆದು, ಉಳಿದ ವ್ಯತ್ಯಾಸವನ್ನು ಅಳೆದು ಅಳೆದು ತಗ್ಗಿಸುತ್ತ ಹೋದರು. ಎರಡು ದಿನದ ಕೊನೆಗೆ ಆ ಪತ್ರಿಕೆಯ ನುರಿತ ಕಿವಿಗಳಿಗೆ ಯಾವುದು ಯಾವುದೆಂದು ಹೇಳಲು ಆಗಲಿಲ್ಲ, ಅದನ್ನು ಅವರೇ ಬರೆದುಕೊಂಡರು. ವಾಲ್ವ್ ಆಂಪ್‌ನ 'ಬೆಚ್ಚನೆಯ' ನಾದ ಎಂಬುದು ಬೇಕೆಂದರೆ ಯಾರಾದರೂ ರೆಸಿಸ್ಟರ್ ಬದಲಿಸಿ ತಂದುಕೊಳ್ಳಬಹುದಾದ ಒಂದು ಸಣ್ಣ ವಕ್ರತೆ ಎಂಬುದು ಅಲ್ಲಿಗೆ ಬಯಲಾಯಿತು.

ಇದರಲ್ಲಿ ಮಾಯೆಯೇನಿಲ್ಲ. ಆಂಪ್ಲಿಫೈಯರಿನ ಕೆಲಸ ಬಂದ ಸಿಗ್ನಲನ್ನು ಆಕಾರ ಕೆಡಿಸದೆ ದೊಡ್ಡದು ಮಾಡುವುದು. ಸ್ಪೀಕರಿಗೆ ಸಾಕಾಗುವಷ್ಟು ವ್ಯಾಟ್ ಇದ್ದು, ಕಿವಿಯ ವ್ಯಾಪ್ತಿಯಾದ 20ರಿಂದ 20,000 ಹರ್ಟ್ಜ್‌ವರೆಗೆ ಏರುಪೇರಿಲ್ಲದಿದ್ದರೆ ಕೆಲಸ ಮುಗಿಯಿತು. ಈ ಎಂಜಿನಿಯರಿಂಗ್ ಸಮಸ್ಯೆ ಬಗೆಹರಿದು ನಲವತ್ತು ವರ್ಷವಾಯಿತು. ಇಂದು ಆ್ಯಪಲ್ ಕಂಪನಿ 9 ಡಾಲರಿಗೆ ಮಾರುವ ಬೆರಳುದ್ದದ ಹೆಡ್‌ಫೋನ್ ಅಡಾಪ್ಟರಿನೊಳಗೆ ಕೂತಿರುವ, ಡಿಜಿಟಲ್ ಫೈಲನ್ನು ಅನಲಾಗ್ ಸಿಗ್ನಲ್ಲಾಗಿ ಬದಲಿಸುವ ಡಿಎಸಿ ಚಿಪ್ಪಿನ ಗದ್ದಲ ಮತ್ತು ವಕ್ರತೆ ಕಿವಿಗೆ ಎಟುಕದಷ್ಟು ಕೆಳಗಿವೆ. ಹೀಗಿರುವಾಗ ಲಕ್ಷಗಟ್ಟಲೆಯ ಡಿಎಸಿ ಕೊಡುವ ಹೆಚ್ಚಿನ ಸ್ಪಷ್ಟತೆಯನ್ನು ಯಾವ ಇಂದ್ರಿಯದಿಂದ ಗ್ರಹಿಸಬೇಕು ಎಂಬುದನ್ನು ಮಾರುವವರೇ ಹೇಳಬೇಕು.

ಕೇಬಲ್ಲಿನ ವಿಷಯಕ್ಕೆ ಬಂದರೆ ವಾದಕ್ಕಿಂತ ನಗುವೇ ಮೊದಲು ಬರುತ್ತದೆ. 2007ರಲ್ಲಿ ಜೇಮ್ಸ್ ರ್‍ಯಾಂಡಿ, ಪವಾಡ ಬಯಲು ಮಾಡುವುದನ್ನೇ ಕಸುಬಾಗಿಸಿಕೊಂಡಿದ್ದ ಜಾದೂಗಾರ, ಪೇರ್ ಕೇಬಲ್ಸ್ ಕಂಪನಿಯ 7,250 ಡಾಲರಿನ ಸ್ಪೀಕರ್ ವೈರನ್ನು ಸಾಧಾರಣ ಒಳ್ಳೆಯ ವೈರಿನಿಂದ ಕಿವಿಯಿಂದಲೇ ಬೇರ್ಪಡಿಸಿ ತೋರಿಸಿದವರಿಗೆ ತಮ್ಮ ಹತ್ತು ಲಕ್ಷ ಡಾಲರಿನ ಬಹುಮಾನ ಕೊಡುವುದಾಗಿ ಸಾರಿದರು. ಹೆಸರಾಂತ ವಿಮರ್ಶಕರೊಬ್ಬರು ಮುಂದೆ ಬಂದರು. ಕಂಪನಿ ಹಿಂದೆ ಸರಿಯಿತು. ಪರೀಕ್ಷೆ ನಡೆಯಲೇ ಇಲ್ಲ. ತಮ್ಮ ಸರಕಿನ ಮೇಲೆ ತಮಗೇ ನಂಬಿಕೆಯಿದ್ದರೆ ಜಗತ್ತಿನೆದುರು ಗೆದ್ದು ತೋರಿಸಲು ಇದಕ್ಕಿಂತ ಅಗ್ಗದ ಜಾಹೀರಾತು ಎಲ್ಲಿ ಸಿಗುತ್ತಿತ್ತು?

ಲೆಕ್ಕವನ್ನೂ ನೋಡಿಬಿಡಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುವ, ಮನೆಯ ಪ್ಲಗ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್ ಎಳೆಯುವ ಎರಡೂವರೆ ಎಂಎಂ ತಾಮ್ರದ ವೈರು. ಸ್ಪೀಕರ್ ಮೂರು ಮೀಟರ್ ದೂರವಿದ್ದರೆ ಹೋಗಿಬರುವ ಆರು ಮೀಟರಿಗೆ ಅದರ ರೆಸಿಸ್ಟೆನ್ಸ್ ಸುಮಾರು 0.044 ಓಮ್. ಎಂಟು ಓಮ್ ಸ್ಪೀಕರಿನ ಮುಂದೆ ಅದರಿಂದಾಗುವ ನಷ್ಟ ಡೆಸಿಬೆಲ್ಲಿನ ಇಪ್ಪತ್ತನೇ ಒಂದು ಭಾಗ. ನಾಯಿಗೂ ಕೇಳಿಸದು. ಆದರೂ ಈ ಹಾದಿ ಹಿಡಿದವರಿಗೆ ನಿಲ್ದಾಣವಿಲ್ಲ. ಸ್ಪೀಕರ್ ವೈರ್ ಆದ ಮೇಲೆ ಪವರ್ ಕೇಬಲ್, ಅದಾದ ಮೇಲೆ ಗೋಡೆಯ ಸಾಕೆಟ್ಟು, ಅದಾದ ಮೇಲೆ ರಸ್ತೆಯ ಕಂಬ. ಶುದ್ಧ ಕರೆಂಟಿಗಾಗಿ ಟೋಕಿಯೋದ ಒಬ್ಬ ಸಂಗೀತಪ್ರೇಮಿ ಸುಮಾರು ಹತ್ತು ಸಾವಿರ ಡಾಲರ್ ಖರ್ಚು ಮಾಡಿ ಮನೆಯಂಗಳದಲ್ಲಿ ಸ್ವಂತ ವಿದ್ಯುತ್ ಕಂಬವನ್ನೇ ನೆಡಿಸಿಕೊಂಡ ಸುದ್ದಿಯನ್ನು 2016ರಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಬರೆಯಿತು.

ಕರೆಂಟು ಬಿಡಿ, ರೆಕಾರ್ಡನ್ನೇ ನೋಡೋಣ. ಡಿಜಿಟಲ್ ಎಂದರೆ ಮೂಗು ಮುರಿಯುವ, 'ಅನಲಾಗ್‌ನಲ್ಲಿ ಜೀವವಿದೆ' ಎನ್ನುವ ಪಂಗಡಕ್ಕೆ 2022ರ ಜುಲೈ ಮರೆಯಲಾಗದ ತಿಂಗಳು. ಮೊಬೈಲ್ ಫಿಡೆಲಿಟಿ ಎಂಬ ಕಂಪನಿ, ಅಭಿಮಾನಿಗಳ ಬಾಯಲ್ಲಿ ಮೊಫೈ, ಮೂಲ ಟೇಪಿನಿಂದ ನೇರವಾಗಿ ಕೊರೆದದ್ದು ಎಂದು ಜನ ನಂಬಿದ್ದ ಎಲ್‌ಪಿಗಳನ್ನು ಮಾರುತ್ತಿತ್ತು. ಅದರ 'ಒನ್-ಸ್ಟೆಪ್' ಸಾಲಿನ ಡಿಸ್ಕ್‌ಗಳಿಗೆ ನೂರಿಪ್ಪತ್ತೈದು ಡಾಲರ್ ತನಕ ಬೆಲೆ. ಮೈಕಲ್ ಜಾಕ್ಸನ್ನರ 'ಥ್ರಿಲ್ಲರ್' ಆಲ್ಬಮ್ಮಿನ 40,000 ಪ್ರತಿ ತರುತ್ತೇವೆ ಎಂದು ಕಂಪನಿ ಘೋಷಿಸಿದಾಗ ಕೆಲವರಿಗೆ ಅನುಮಾನ ಬಂತು. ಅಷ್ಟು ಪ್ರತಿಗಾಗಿ ಮೂಲ ಟೇಪನ್ನು ಅಷ್ಟೊಂದು ಸಲ ಓಡಿಸಲು ಯಾರು ಬಿಟ್ಟಾರು? ಅರಿಜೋನಾದ ರೆಕಾರ್ಡ್ ಅಂಗಡಿಯವರೊಬ್ಬರು ಕ್ಯಾಮೆರಾ ಹಿಡಿದು ಕಂಪನಿಗೇ ಹೋಗಿ ಕೇಳಿದರು. ಎಂಜಿನಿಯರ್‌ಗಳು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: ಮಧ್ಯೆ ಡಿಎಸ್‌ಡಿ ಎಂಬ ಡಿಜಿಟಲ್ ಫೈಲಿದೆ, 2011ರಿಂದಲೂ ಹೀಗೆಯೇ ಮಾಡುತ್ತಿದ್ದೇವೆ.

ಹನ್ನೊಂದು ವರ್ಷ! ಡಿಜಿಟಲ್‌ನ 'ಒರಟು ಅಂಚು' ತಮ್ಮ ಕಿವಿಗೆ ಚುಚ್ಚುತ್ತದೆ ಎಂದು ಲೇಖನ ಬರೆದವರೂ ಅನಲಾಗ್‌ನ ಪರಮಶ್ರೇಷ್ಠ ಮಾದರಿಯೆಂದು ಇದೇ ಎಲ್‌ಪಿಗಳನ್ನು ಹೊಗಳಿದವರೂ ಒಂದೇ ಗುಂಪಿನವರು. ಆ ಹನ್ನೊಂದು ವರ್ಷದಲ್ಲಿ ಲಕ್ಷಾಂತರ ರೂಪಾಯಿಯ ಟರ್ನ್‌ಟೇಬಲ್ ಇಟ್ಟುಕೊಂಡವರ ಕಿವಿಗೂ ಗುಟ್ಟು ಸಿಕ್ಕಲಿಲ್ಲ. ಸಿಕ್ಕಿದ್ದು ಗುಣಾಕಾರ ಬಲ್ಲವರಿಗೆ. ಮೊಕದ್ದಮೆ ನಡೆದು, ಸುಮಾರು ಎರಡೂವರೆ ಕೋಟಿ ಡಾಲರಿನ ರಾಜಿಯಾಯಿತು.

ಸಿಡಿಗಿಂತ ಮೇಲಿನದೆಂದು ಮಾರುವ 'ಹೈ-ರೆಸ್' ಫೈಲುಗಳ ಕಥೆಯೂ ದೂರವೇನಲ್ಲ. ಬಾಸ್ಟನ್ನಿನ ಇಬ್ಬರು ಸಂಶೋಧಕರು, ಮೆಯರ್ ಮತ್ತು ಮೊರಾನ್, ಹೈ-ರೆಸ್ ಸಂಗೀತದ ದಾರಿಯಲ್ಲಿ ಧ್ವನಿಯನ್ನು ಸಿಡಿ ಗುಣಮಟ್ಟಕ್ಕೆ ಇಳಿಸುವ ಒಂದು ಉಪಕರಣವನ್ನು ಇಟ್ಟು ತೆಗೆದು ಕೇಳಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: 554 ಪ್ರಯತ್ನಗಳಲ್ಲಿ 276 ಸರಿ. ಅರ್ಧಕ್ಕೂ ಒಂದು ಕಡಿಮೆ. ನ್ಯಾಯವಾಗಿ ಹೇಳಬೇಕೆಂದರೆ, 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ ಹದಿನೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ನೂರಕ್ಕೆ 52.3ರಷ್ಟು ಬಂತು, ತರಬೇತಿ ಪಡೆದವರಲ್ಲಿ ಇನ್ನಷ್ಟು ಮೇಲಿತ್ತು. ಅಂದರೆ ಎಲ್ಲೋ ಏನೋ ಇದ್ದೀತು. 'ಪರದೆ ಸರಿದಂತಾಯಿತು', 'ರಾತ್ರಿ-ಹಗಲಿನ ವ್ಯತ್ಯಾಸ' ಎಂದು ಜಾಹೀರಾತಿನಲ್ಲಿ ಬರುವುದು ಈ ಎರಡು ಚಿಲ್ಲರೆ ಶೇಕಡಾವನ್ನು ಕುರಿತು.

ಸ್ಪೀಕರ್ ಮಾತ್ರ ಬೇರೆ. ಇಲ್ಲಿ ವ್ಯತ್ಯಾಸ ನಿಜ, ದೊಡ್ಡದು, ಪರದೆಯ ಹಿಂದಿನಿಂದಲೂ ಕೇಳುವಂಥದ್ದು. ಎಲ್ಲ ಸ್ಪೀಕರೂ ಒಂದೇ ಎನ್ನುವವರ ಮಾತು ನಂಬಬೇಡಿ. ಆದರೆ ದುಬಾರಿ ಬ್ರ್ಯಾಂಡಿನ ವಕೀಲರಿಗೆ ಇದರಿಂದ ಸಿಗುವ ನೆಮ್ಮದಿ ಸ್ವಲ್ಪ ಹೊತ್ತಿನದು, ಏಕೆಂದರೆ ಆ ವ್ಯತ್ಯಾಸ ಬೆಲೆಯ ಜಾಡಿನಲ್ಲಿ ಹೋಗುವುದಿಲ್ಲ.

ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡಾದ ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿದರು. ಏರುತಗ್ಗಿಲ್ಲದ ನೇರ ಧ್ವನಿ, ಪಕ್ಕಗಳಿಗೂ ಅದೇ ಗುಣದ ಧ್ವನಿ ಚೆಲ್ಲುವ ಸ್ಪೀಕರನ್ನೇ ಹೆಚ್ಚಿನವರು ಮೆಚ್ಚುತ್ತಾರೆಂದು ತೋರಿಸಿದರು. ಆಮೇಲೆ ಅವರು ಹಾರ್ಮನ್ ಕಂಪನಿ ಸೇರಿದರು. 1994ರಲ್ಲಿ ಸಹೋದ್ಯೋಗಿ ಷಾನ್ ಆಲಿವ್ ಜೊತೆ ಅಲ್ಲಿ ನಡೆಸಿದ ಪ್ರಯೋಗ ಈ ವ್ಯಾಪಾರದ ಕನ್ನಡಿ. ಕೇಳಿದವರು ಹಾರ್ಮನ್‌ನ ನಲವತ್ತು ಮಂದಿ ನೌಕರರು, ಆಡಿಯೋವನ್ನೇ ಉಂಡುಟ್ಟವರು. ಮುಂದೆ ನಾಲ್ಕು ಸ್ಪೀಕರ್ ಸೆಟ್ಟುಗಳು, ಅವುಗಳಲ್ಲೊಂದು ಚಿಕ್ಕದು, ಅಗ್ಗದ್ದು. ಕಣ್ಣಿಗೆ ಕಾಣುವಂತಿದ್ದಾಗ ದೊಡ್ಡ, ಚಂದದ, ಸ್ವಂತ ಕಂಪನಿಯ ಸ್ಪೀಕರಿಗೆ ಅಂಕ ಏರಿತು, ಚಿಕ್ಕದಕ್ಕೆ ಇಳಿಯಿತು. ಪರದೆ ಎಳೆದಾಗ ಅಂತರ ಕುಗ್ಗಿತು, ಸಣ್ಣದು ದೊಡ್ಡವರ ಪಕ್ಕಕ್ಕೇ ಬಂದು ಕೂತಿತು. ಇನ್ನೂ ಸೋಜಿಗದ್ದೆಂದರೆ, ಕಣ್ಣು ತೆರೆದಿದ್ದಾಗ ಸ್ಪೀಕರನ್ನು ಕೋಣೆಯೊಳಗೆ ಬೇರೆ ಜಾಗಕ್ಕೆ ಸರಿಸಿದಾಗ ನಿಜವಾಗಿ ಆದ ಬದಲಾವಣೆಯೂ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಕಣ್ಣು ಕಿವಿಯ ಬಾಯಿ ಮುಚ್ಚಿಸಿತ್ತು.

ಹೆಡ್‌ಫೋನಿನಲ್ಲಿ ಇದನ್ನು ಇನ್ನೂ ನೇರವಾಗಿ ಅಳೆದಿದ್ದಾರೆ. ಜೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಧ್ವನಿ ಸ್ಪಂದನವನ್ನು ಅಳತೆ ಮಾಡಿ, 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಲೆಗೂ ಆ ಸ್ಪಂದನಕ್ಕೂ ಸಂಬಂಧವೇ ಕಾಣಲಿಲ್ಲ. ಸ್ಪೀಕರಿಗೆ ಒಂದು ಉದಾಹರಣೆ: ಹಾರ್ಮನ್‌ನದೇ ಜೆಬಿಎಲ್ 2013ರ ಹೊತ್ತಿಗೆ ತಂದ ಎಲ್‌ಎಸ್‌ಆರ್ 305 ಎಂಬ ಪುಟ್ಟ ಸ್ಟುಡಿಯೋ ಮಾನಿಟರು. ಒಳಗೇ ಆಂಪ್ ಇರುವ ಇದರ ಜೋಡಿಗೆ ಅಂದು ಮುನ್ನೂರು ಡಾಲರ್ ಆಸುಪಾಸು. ಇದರ ಟ್ವೀಟರಿನ ಸುತ್ತಲಿನ ವಿಚಿತ್ರ ತಿರುವಿನ ತಟ್ಟೆ, ಅಂದರೆ ವೇವ್‌ಗೈಡ್, ಹುಟ್ಟಿದ್ದು ಜೆಬಿಎಲ್‌ನದೇ ಎಂ2 ಎಂಬ ಭಾರೀ ಮಾನಿಟರಿಗಾಗಿ. ಆಂಪ್ ಸಮೇತ ಅದರ ಜೋಡಿಗೆ ಅಂದು ಇಪ್ಪತ್ತು ಸಾವಿರ ಡಾಲರ್ ಆಸುಪಾಸು. ಎಂ2 ನೆಲ ನಡುಗಿಸುತ್ತದೆ, ದೊಡ್ಡ ಹಾಲನ್ನು ತುಂಬುತ್ತದೆ. ಪುಟ್ಟದ್ದಕ್ಕೆ ಅದು ಆಗದು, ಸುಮ್ಮನಿದ್ದಾಗ ಟ್ವೀಟರಿನಿಂದ ಸ್ವಲ್ಪ ಹಿಸ್ ಎನ್ನುವ ಸದ್ದೂ ಬರುತ್ತದೆ. ಆದರೆ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ, ಪಕ್ಕದ ಮನೆಯವರು ಗೋಡೆ ಬಡಿಯದಷ್ಟು ಜೋರಿನಲ್ಲಿ ಕೇಳುವವರಿಗೆ ದನಿಯ ಸಾಚಾತನದಲ್ಲಿ ಸಾಕಷ್ಟನ್ನು ಪುಟ್ಟದ್ದು ಆ ಮುನ್ನೂರು ಡಾಲರಿನಲ್ಲೇ ಕೊಟ್ಟುಬಿಟ್ಟಿದೆ.

ದುಡ್ಡು ಏನನ್ನು ಕೊಡುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ: ಆಳದ ಬಾಸ್, ಹೆಚ್ಚಿನ ಜೋರು, ಜೋರಿನಲ್ಲೂ ಒಡೆಯದ ದನಿ. ಇವು ಹುಸಿಯಲ್ಲ. ಆದರೆ ಒಂದು ಮಿತಿಯಾಚೆ ಸುರಿಯುವ ದುಡ್ಡು ಮರದ ಪಾಲಿಶಿಗೆ, ಒಂದಿಂಚು ದಪ್ಪದ ಅಲ್ಯೂಮಿನಿಯಮ್ಮಿಗೆ, ಆಮದು ಸುಂಕಕ್ಕೆ, ಡೀಲರನ ಕಮಿಷನ್ನಿಗೆ, ಡೆಮೊ ಕೋಣೆಯ ಬಾಡಿಗೆಗೆ ಹೋಗುತ್ತದೆ.

ಮತ್ತೆ ಆ ದುಬಾರಿ ಬ್ರ್ಯಾಂಡುಗಳ ಹೆಸರುಗಳಾದರೂ ಯಾರವು? ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ ಎಂಬ ಸ್ಪೀಕರ್ ಕಂಪನಿ 1966ರಲ್ಲಿ ಇಂಗ್ಲೆಂಡಿನ ವರ್ದಿಂಗ್ ಊರಿನಲ್ಲಿ ಹುಟ್ಟಿದ್ದು. 2020ರಲ್ಲಿ ಸೌಂಡ್ ಯುನೈಟೆಡ್ ಎಂಬ ಕಂಪನಿ ಅದನ್ನು ಕೊಂಡಿತು. 2022ರಲ್ಲಿ ಸೌಂಡ್ ಯುನೈಟೆಡ್ಡನ್ನೇ ಮಾಸಿಮೋ ಎಂಬ ಕಂಪನಿ ನೂರು ಕೋಟಿ ಡಾಲರ್ ಮೇಲ್ಪಟ್ಟು ಕೊಟ್ಟು ನುಂಗಿತು. ಮಾಸಿಮೋ ಕಂಪನಿಯ ಮೂಲ ಕಸುಬು ಆಸ್ಪತ್ರೆಗಳಿಗೆ ಪಲ್ಸ್ ಆಕ್ಸಿಮೀಟರ್ ಮಾಡುವುದು. 2025ರಲ್ಲಿ ಅದೇ ಗಂಟನ್ನು, ಡೆನಾನ್, ಮರಾಂಟ್ಜ್, ಪೋಲ್ಕ್ ಸಮೇತ, ಹಾರ್ಮನ್‌ಗೆ 35 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಹಾರ್ಮನ್ ಇರುವುದು 2017ರಿಂದ ಸ್ಯಾಮ್‌ಸಂಗ್ ಕೈಯಲ್ಲಿ, ಅದಕ್ಕೊಂದು ದೊಡ್ಡ ಎಂಜಿನಿಯರಿಂಗ್ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ನೀಲಿ ಮೀಟರಿನ ಮ್ಯಾಕಿಂತಾಷ್ ಆಂಪ್‌ಗಳನ್ನು ಪೂಜಿಸುವವರು ಬೋಸ್ ಎಂದರೆ ಮುಖ ತಿರುಗಿಸುತ್ತಿದ್ದರು. 2024ರ ನವೆಂಬರಿನಲ್ಲಿ ಮ್ಯಾಕಿಂತಾಷನ್ನೂ ಇಟಲಿಯ ಸೋನಸ್ ಫಾಬರನ್ನೂ ಬೋಸ್ ಕಂಪನಿಯೇ ಕೊಂಡುಕೊಂಡಿತು. ಪರಂಪರೆ, ಮನೆತನದ ಕುಶಲತೆ ಎಂದು ಕ್ಯಾಟಲಾಗಿನಲ್ಲಿ ಓದುವಾಗ ಈ ಕ್ರಯಪತ್ರಗಳೂ ನೆನಪಿರಲಿ.

ಇನ್ನು ಕಿವಿಗೆ ಬೀಳುವ ದನಿಯಲ್ಲಿ ಸ್ಪೀಕರಿಗಿಂತ ದೊಡ್ಡ ಪಾಲು ಕೋಣೆಯದು, ಅದನ್ನು ಯಾರೂ ಮಾರುವುದಿಲ್ಲವಾದ್ದರಿಂದ ಯಾರೂ ಹೇಳುವುದೂ ಇಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಒಂದು ಸದ್ದು ಐದೂವರೆ ಸೆಕೆಂಡ್ ಮೊಳಗುತ್ತಿತ್ತು. ವಾಲೆಸ್ ಸೇಬಿನ್ ಎಂಬ ಯುವ ಭೌತವಿಜ್ಞಾನಿ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟು ಮೆತ್ತೆಗಳನ್ನು ರಾತ್ರಿಯಿಡೀ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿ, ಗಡಿಯಾರ ಹಿಡಿದು ಅಳೆದು, ಬೆಳಗಾಗುವಷ್ಟರಲ್ಲಿ ಮೆತ್ತೆಗಳನ್ನು ವಾಪಸ್ ಇಟ್ಟುಬರುತ್ತಿದ್ದರು. ಆ ಮೆತ್ತೆಗಳಿಂದ ಹುಟ್ಟಿದ ಸೂತ್ರದ ಮೇಲೆ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು.

ಈಗ ನಮ್ಮ ಅಪಾರ್ಟ್‌ಮೆಂಟಿನ ಹಾಲಿಗೆ ಬನ್ನಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಬರಿ ಗೋಡೆ, ಗಾಜಿನ ಸ್ಲೈಡಿಂಗ್ ಬಾಗಿಲು, ತಲೆ ಮೇಲೆ ಫ್ಯಾನು, ಅಡುಗೆಮನೆಯಿಂದ ಕುಕ್ಕರಿನ ಸೀಟಿ. ಹನ್ನೆರಡಡಿ ಗೋಡೆಗಳ ನಡುವೆ 47 ಹರ್ಟ್ಜ್ ಬಳಿ ಬಾಸ್ ನಿಂತಲ್ಲೇ ನಿಂತು ಗುಂಯ್‌ಗುಡುತ್ತದೆ, ಹತ್ತಡಿ ಗೋಡೆಗಳ ನಡುವೆ 56ರ ಬಳಿ. ಸೋಫಾ ಎರಡಡಿ ಸರಿಸಿದರೆ ಹತ್ತು ಡೆಸಿಬೆಲ್‌ನಷ್ಟು ಏರುಪೇರಾಗುವುದು ಮಾಮೂಲು. ಡೆಸಿಬೆಲ್ಲಿನ ಇಪ್ಪತ್ತನೇ ಒಂದು ಭಾಗ ಉಳಿಸಲು ಲಕ್ಷದ ಕೇಬಲ್ ತಂದವರು ಈ ಹತ್ತನ್ನು ಹಾಗೆಯೇ ಬಿಟ್ಟಿರುತ್ತಾರೆ. ದಪ್ಪನೆಯ ಜಮಖಾನ, ಭಾರದ ಕರ್ಟನ್, ಪುಸ್ತಕ ತುಂಬಿದ ಕಪಾಟು ನಡುದನಿಯ ಕಲಕಲವನ್ನು ತಗ್ಗಿಸುತ್ತವೆ. ಬಾಸ್‌ಗೆ ಸ್ಪೀಕರ್ ಮತ್ತು ಕುರ್ಚಿಯ ಜಾಗ ಬದಲಿಸಿ ನೋಡಬೇಕು, ಇಲ್ಲವೇ ಈಕ್ವಲೈಸರ್ ಹಿಡಿಯಬೇಕು.

ಇಷ್ಟಕ್ಕೂ ಆ ಸ್ಪೀಕರಿನಲ್ಲಿ ನುಡಿಯುವುದೇನು? ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ ಕೊಟ್ಟ ತಟ್ಟೆಗಳು 78 ಸುತ್ತಿನವು, ಒಂದು ಮಗ್ಗುಲಿಗೆ ಮೂರು ನಿಮಿಷದವು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಮನೆಮನೆ ಸೇರಿದ್ದು ಕ್ಯಾಸೆಟ್ಟಾಗಿ. 'ಪ್ರೇಮಲೋಕ'ದ ಹಾಡುಗಳು 1987ರಲ್ಲಿ ನಾಡನ್ನು ಆವರಿಸಿದ್ದೂ ಕ್ಯಾಸೆಟ್ಟಿನಲ್ಲೇ. ತಟ್ಟೆಯಲ್ಲಿಲ್ಲದ ಮೇಲಿನ ಸ್ವರಗಳನ್ನು ಯಾವ ಟ್ವೀಟರೂ ಹುಟ್ಟಿಸಲಾರದು. ಹೊಸ ರೆಕಾರ್ಡಿಂಗ್‌ಗಳದ್ದು ಇನ್ನೊಂದು ರೋಗ. ಮೆಟಾಲಿಕಾ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಆಲ್ಬಮ್ಮನ್ನು ಮಾಸ್ಟರಿಂಗಿನಲ್ಲಿ ಎಷ್ಟು ಜಜ್ಜಿದ್ದರೆಂದರೆ, 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮಿನಲ್ಲಿದ್ದ ಅದೇ ಹಾಡುಗಳು ಸಿಡಿಗಿಂತ ಚೆನ್ನಾಗಿವೆ ಎಂದು ಅಭಿಮಾನಿಗಳೇ ದೂರು ಹೇಳಿದರು. ಇನ್ನು ಮೊಫೈ ಎಡವಿದ ಆ 'ಥ್ರಿಲ್ಲರ್': ಅದರ ಎಂಜಿನಿಯರ್ ಬ್ರೂಸ್ ಸ್ವೀಡಿಯೆನ್ ಮಿಕ್ಸ್ ತೂಗಿ ನೋಡಲು ನೆಚ್ಚಿಕೊಂಡಿದ್ದು ಆರಟೋನ್ ಎಂಬ, ಒಂದೇ ಪುಟ್ಟ ಕೋನಿನ, ಅಗ್ಗದ ಚೌಕ ಡಬ್ಬಿಯನ್ನು.

ದುಬಾರಿ ಪಕ್ಷದವರ ಕಡೆಯ ಅಸ್ತ್ರ ಇದು: ಪರದೆ ಹಾಕಿ ಅವಸರದಲ್ಲಿ ಕೇಳಿದರೆ ಒತ್ತಡವಾಗುತ್ತದೆ, ಸಂಗೀತದ ಸೂಕ್ಷ್ಮ ತಿಂಗಳುಗಟ್ಟಲೆ ಬದುಕಿದಾಗ ಮಾತ್ರ ತೆರೆದುಕೊಳ್ಳುತ್ತದೆ. ಸರಿ, ತಿಂಗಳುಗಟ್ಟಲೆಯೇ ಕೇಳಲಿ, ಮನೆಯವರ ಕೈಲಿ ಹೆಸರು ಮುಚ್ಚಿಸಿ, ಸ್ವಂತ ಸೋಫಾದಲ್ಲಿ ಒರಗಿ ಕೇಳಲಿ. ಸಮಯಕ್ಕೆ ಯಾರ ಅಡ್ಡಿಯೂ ಇಲ್ಲ, ಅಡ್ಡಿ ಇರುವುದು ಬೆಲೆಚೀಟಿ ನೋಡುವುದಕ್ಕೆ. ರಾತ್ರಿ-ಹಗಲಿನಷ್ಟು ವ್ಯತ್ಯಾಸ ಎನ್ನುವವರು ಪರದೆ ಕಂಡ ಕೂಡಲೇ ಅದು ಬಹಳ ಸೂಕ್ಷ್ಮ ಎನ್ನತೊಡಗುವುದು ಹೇಗೆ? 'ಸ್ಟೀರಿಯೋಫೈಲ್' ಪತ್ರಿಕೆಯನ್ನು 1962ರಲ್ಲಿ ಹುಟ್ಟುಹಾಕಿದ ಜೆ. ಗಾರ್ಡನ್ ಹೋಲ್ಟ್ ಅವರೇ 2007ರಲ್ಲಿ ಕಹಿಯಾಗಿ ಹೇಳಿದ್ದರು: ಕುರುಡು ಪರೀಕ್ಷೆಯಂಥ ಕನಿಷ್ಠ ಪ್ರಾಮಾಣಿಕತೆಗೂ ಒಪ್ಪದೆ ಹೈ-ಎಂಡ್ ಆಡಿಯೋ 1980ರ ದಶಕದಲ್ಲೇ ತನ್ನ ನಂಬಿಕಸ್ತಿಕೆ ಕಳೆದುಕೊಂಡಿತು ಎಂಬುದು ಅವರ ಮಾತಿನ ಸಾರ. ಇದನ್ನು ಹೇಳಿದವರು ಹೊರಗಿನ ಟೀಕಾಕಾರರಲ್ಲ, ಆ ಮಠದ ಮೊದಲ ಸ್ವಾಮಿಗಳು.

ಚಂದದ ವಸ್ತು ಮನೆಯಲ್ಲಿರಲಿ ಎಂಬ ಆಸೆಗೆ ಯಾರ ಆಕ್ಷೇಪವೂ ಇಲ್ಲ. ಡೆನ್ಮಾರ್ಕಿನ ಬ್ಯಾಂಗ್ ಆ್ಯಂಡ್ ಓಲುಫ್ಸೆನ್ ಯಂತ್ರಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೇ ತನ್ನಲ್ಲಿ ಇಟ್ಟುಕೊಂಡಿದೆ. ರೋಸ್‌ವುಡ್ ಬೀರುವಿಗೆ ಕೊಡುವಂತೆ ಅದಕ್ಕೂ ಕೊಡಿ, ಬೀರು ಎಂದೇ ಹೇಳಿ. ನಾದದ ಹೆಸರಿನಲ್ಲಿ ಬಿಲ್ ಮಾಡಿದಾಗ ಮಾತ್ರ ಅದು ಮೋಸ.

ಆದ್ದರಿಂದ ಲಕ್ಷ ದಾಟಿದ ಸೆಟ್ಟಿನ ಮುಂದೆ ಕೂತಾಗ ಓದುಗರು ಅಂಗಡಿಯವರನ್ನು ಮೂರು ಸಂಗತಿ ಕೇಳಲಿ. ಅದರ ಪಕ್ಕದಲ್ಲಿ ನಾಲ್ಕನೇ ಒಂದು ಬೆಲೆಯ ಸೆಟ್ಟು ಇಡಿ, ಫೋನಿನ ಸೌಂಡ್ ಮೀಟರ್ ಆ್ಯಪ್ ಹಿಡಿದು ಎರಡರ ಜೋರನ್ನೂ ಸಮ ಮಾಡಿ, ನಾನು ಬೆನ್ನು ಹಾಕಿ ಕೂರುತ್ತೇನೆ, ನಾಣ್ಯ ಚಿಮ್ಮಿ ಹತ್ತು ಸಲ ಬದಲಿಸಿ. ಹತ್ತರಲ್ಲಿ ಒಂಬತ್ತು ಸಲವಾದರೂ ಸರಿಯಾಗಿ ಗುರುತಿಸಿ, ಗುರುತಿಸಿದ್ದು ಇಷ್ಟವೂ ಆದರೆ ಧಾರಾಳವಾಗಿ ಕೊಳ್ಳಿ, ಬರೀ ಊಹೆಯಿಂದ ಅಷ್ಟು ಸರಿ ಬರುವುದು ನೂರಕ್ಕೆ ಒಂದು ಸಲ ಮಾತ್ರ. ಅಂಗಡಿಯವರು 'ನಮ್ಮಲ್ಲಿ ಹಾಗೆಲ್ಲ ಮಾಡಲ್ಲ ಸಾರ್' ಎಂದರೆ ಎದ್ದು ಬನ್ನಿ.